ಖಾಲಿ ಉಳಿದ ಸೀಟು

ನಾವಿರುವ ಅಲ್ಮಾಟಿಯಿಂದ ದೇಶದ ಇನ್ನೊಂದು ತುದಿಯಲ್ಲಿರುವ ದೊಡ್ಡಪ್ಪನ ಊರು ಅಕ್ತಾವುಗೆ ರೈಲಿನಲ್ಲಿ ಹೋದರೆ ಹತ್ತಿರಹತ್ತಿರ ಮೂರು ದಿನ, ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ನಮ್ಮ ಮನೆಯಲ್ಲಿ ಮಾತ್ರ ಈ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಜುಲೈ ತಿಂಗಳ ಸುಡು ಬಿಸಿಲಿನಲ್ಲಿ, ಅಜ್ಜಿ ಅಕ್ತಾವುನಲ್ಲಿ ತೀರಿಕೊಂಡರು. ಬೆಳಗಿನ ವಿಮಾನಕ್ಕೆ ಬರುತ್ತೇನೆ ಎಂದಿದ್ದ ಅಪ್ಪ ರೈಲಿನಲ್ಲಿ ಹೋದರು. ತಲುಪುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನವಾಗಿತ್ತು. "ವಿಮಾನದಲ್ಲಿ ಜಾಗ ಸಿಗ್ಲಿಲ್ಲ. ಅಣ್ಣ ಕಾಯಲೂ ಇಲ್ಲ," ಎಂದು ಅಪ್ಪ ನೆಂಟರಿಗೆಲ್ಲ ಹೇಳಿದರು. ಅಂದಿನಿಂದ ಅಪ್ಪ ತಮ್ಮ ಅಣ್ಣ, ಅಂದರೆ ನನ್ನ ದೊಡ್ಡಪ್ಪ ತೊಲೆಗೆನ್ ಅವರೊಂದಿಗೆ ಮಾತು ಬಿಟ್ಟರು. ನೆಂಟರೂ ದೊಡ್ಡಪ್ಪನನ್ನೇ ಆಡಿಕೊಂಡರು.

ಈ ಮಾರ್ಚ್‌ನಲ್ಲಿ ದೊಡ್ಡಮ್ಮ ಶಾರಿಪಾ ಫೋನ್ ಮಾಡಿದರು. "ರೌಶನ್, ನಿಮ್ಮ ದೊಡ್ಡಪ್ಪಂಗೆ ಇನ್ನು ಹೆಚ್ಚು ದಿನ ಇಲ್ಲ ಕಣಮ್ಮ. ತಮ್ಮನ್ನ ನೋಡ್ಬೇಕಂತೆ."

ಅಪ್ಪನನ್ನು ಕೇಳದೆಯೇ ವಿಮಾನದ ಎರಡು ಟಿಕೆಟ್ ತೆಗೆದೆ. ಅವರು ಬೇಡವೆನ್ನಲಿಲ್ಲ. ವಿಮಾನ ಮೇಲೇಳುವಾಗ ನನ್ನ ಮಣಿಕಟ್ಟು ಹಿಡಿದವರು ಬತ್ತಿಹೋದ ಅರಾಲ್ ಸಮುದ್ರದ ಉಪ್ಪುನೆಲ ದಾಟುವವರೆಗೂ ಬಿಡಲಿಲ್ಲ.

"ಭಯ ಆಗ್ತಿದ್ಯಾ ಅಪ್ಪ?"

"ಸುಮ್ನೆ ಕೂತ್ಕೋ."

ತೈಲಬಾವಿಯಲ್ಲಿ ದುಡಿದ ದೊಡ್ಡಪ್ಪನ ಆ ದೊಡ್ಡ ಮೈ ಹಾಸಿಗೆಗೆ ಅಂಟಿಹೋಗಿತ್ತು. ದೊಡ್ಡಮ್ಮ ಹಾಲಿನ ಚಹಾ ತಂದಿಟ್ಟು ಅಡುಗೆಮನೆಗೆ ಹೋದರು. ಅಪ್ಪ ಬಟ್ಟಲು ಮುಟ್ಟಲಿಲ್ಲ.

"ಅಣ್ಣಾ, ಅವತ್ತು ನಂಗೆ ಟಿಕೆಟ್ ಸಿಕ್ಕಿತ್ತು," ಎಂದರು. "ವಿಮಾನದ ಮೆಟ್ಟಿಲವರೆಗೂ ಹೋದೆ. ಕಾಲು ಮೇಲೇಳ್ಲಿಲ್ಲ. ವಾಪಸ್ ಬಂದು ರೈಲು ಹತ್ತಿದೆ."

ದೊಡ್ಡಪ್ಪ ಉಸಿರು ಕೂಡಿಸಿಕೊಂಡರು. "ಗೊತ್ತು ಕಣೋ. ನಿನ್ನ ಕರ್ಕೊಂಡ್ಬರೋಕೆ ನಾನೇ ಏರ್‌ಪೋರ್ಟಿಗೆ ಹೋಗಿದ್ದೆ. ಎಲ್ಲಾರೂ ಇಳಿದು ಹೋದ್ರು. ಕೌಂಟರಿನ ಹುಡುಗಿ ಪಟ್ಟಿ ನೋಡಿ, ಹೆಸರಿದೆ, ಹತ್ತಿಲ್ಲ ಅಂದ್ಲು."

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಹೆದರ್ಕೊಂಡು ಅಮ್ಮನ ಮಣ್ಣಿಗೂ ಬರ್ಲಿಲ್ಲ ಅಂತಾನಾ? ನಿನ್ನ ಮಕ್ಕಳು ಆ ಮಾತು ಕೇಳ್ಕೊಂಡು ಬೆಳೀಬೇಕಿತ್ತಾ? ನಂಗೆ ಹೇಗೂ ಮೊದಲಿಂದ ಒಳ್ಳೆ ಹೆಸರೇನಿರ್ಲಿಲ್ಲ." ನಗಲು ಹೋಗಿ ಕೆಮ್ಮಿದರು. "ಚಹಾ ಕುಡಿ ಕತ್ತೆ, ಆರಿಹೋಗತ್ತೆ."

ಅಪ್ಪ ಬಟ್ಟಲೆತ್ತಿದರು. ಒಂದೇ ಗುಟುಕಿಗೆ ಪೂರ್ತಿ ಕುಡಿದರು.

ಐದು ದಿನ ಅಪ್ಪ ಆ ಕೋಣೆ ಬಿಟ್ಟು ಬರಲಿಲ್ಲ. ಅಣ್ಣನ ಗಡ್ಡ ಬೋಳಿಸಿದರು, ಮಗ್ಗುಲು ಬದಲಿಸಿದರು, ಚಮಚದಲ್ಲಿ ಸಾರು ಕುಡಿಸಿದರು. ಆರನೆಯ ಬೆಳಿಗ್ಗೆ ದೊಡ್ಡಪ್ಪ ಹೋದರು.

ಮರುದಿನ ಅಂಗಳದಲ್ಲಿ ಮಣ್ಣಿಗೆ ಮುಂಚಿನ ನಮಾಜಿಗೆ ಗಂಡಸರು ಸೇರಿದರು. ನಾವು ಹೆಂಗಸರು ಕಿಟಕಿಯಲ್ಲಿ ನಿಂತಿದ್ದೆವು. ಪದ್ಧತಿಯಂತೆ ಇಮಾಮರು ಕೇಳಿದರು: "ಈತ ಎಂಥ ಮನುಷ್ಯ?"

ಒಳ್ಳೆಯವನು ಎಂದು ಎಲ್ಲರೂ ಒಟ್ಟಿಗೆ ಹೇಳಬೇಕು. ಅದಕ್ಕೆ ಮೊದಲೇ ಅಪ್ಪ ಸಾಲಿನಿಂದ ಮುಂದೆ ಬಂದರು.

"ಅಮ್ಮನ ಮಣ್ಣಿಗೆ ಇವನು ಕಾಯ್ಲಿಲ್ಲ ಅಂತ ನಿಮಗೆಲ್ಲ ಹೇಳಿದ್ದು ನಾನು. ಅದು ಸುಳ್ಳು. ವಿಮಾನದಲ್ಲಿ ನನ್ನ ಜಾಗ ಖಾಲಿ ಇತ್ತು. ಹೆದರಿ ಹತ್ತದೇ ಇದ್ದವನು ನಾನು. ಇವನಿಗೆ ಅದು ಗೊತ್ತಿತ್ತು. ಸಾಯೋವರೆಗೂ ನನ್ನ ಮಾನ ಕಾಪಾಡಿದ."

ಆಮೇಲೆ ಹಿಂದಿನ ಸಾಲಿನಲ್ಲಿ ಮುದುಕರೊಬ್ಬರು "ಒಳ್ಳೆ ಮನುಷ್ಯ" ಎಂದರು. ಒಬ್ಬೊಬ್ಬರಾಗಿ ಉಳಿದವರೂ ಹೇಳಿದರು.

ದೊಡ್ಡಮ್ಮ ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದರು.

"ನಂಗೂ ಹೇಳಿರ್ಲಿಲ್ಲ ಈ ಮನುಷ್ಯ," ಎಂದರು.