ಟಕ್ ಅನ್ನುವ ತನಕ

"ಮಾವ ಇರುವಾಗ ನಾವು ಗೆಲ್ಲೋದುಂಟಾ? ಜೀವಮಾನವೆಲ್ಲ ಸ್ಟೀರಿಂಗ್ ಹಿಡಿದವರು!" ಎಂದು ಅಳಿಯ ನಕ್ಕ.

ಆಳೆತ್ತರದ ಮುಸುಕಿನ ಜೋಳದ ನಡುವೆ ದಾರಿ ಕಡಿದು ಮಾಡಿದ ಚಕ್ರವ್ಯೂಹ ಅದು. ಟಿಕೆಟ್ ಕೊಂಡು ಒಳಗೆ ಹೋಗಿ ದಾರಿ ತಪ್ಪಬೇಕು, ಒದ್ದಾಡಿ ಹೊರಗೆ ಬರಬೇಕು. ಅದೇ ಮಜಾ ಅಂತೆ! ಜೋಡಿಗಳನ್ನೂ ಅಳಿಯನೇ ಮಾಡಿದ. ತಾನೂ ಹೆಂಡತಿಯೂ ಒಂದು, ತಾತ ಮತ್ತು ಮೊಮ್ಮಗಳು ಪುಟ್ಟಿ ಇನ್ನೊಂದು. ಮಂಡಿನೋವಿನ ಅಜ್ಜಿಗೆ ಬಾಗಿಲ ಬಳಿಯ ಬೆಂಚು. ಎಲ್ಲರ ಚೀಲ, ವ್ಯಾನಿನ ಕೀ ಅವಳ ಮಡಿಲಿಗೆ ಬಿದ್ದವು.

"ಪುಟ್ಟಿ ನನ್ನ ಹತ್ರಾನೇ ಇರ್ಲಿ ಬಿಡು," ಎಂದಳು ಅಜ್ಜಿ.

"ಅಯ್ಯೋ ಅಮ್ಮ, ದಿನಾ ವ್ಯಾನ್ ತುಂಬ ಮಕ್ಕಳನ್ನ ಸ್ಕೂಲಿಗೆ ಬಿಡೋ ಅಪ್ಪಂಗೆ ಇದೊಂದು ಮಗು ಭಾರಾನಾ?" ಎಂದಳು ಮಗಳು.

ಅಜ್ಜಿ ಪುಟ್ಟಿಯ ಕೈ ಬಿಟ್ಟಳು. ತಾತನ ಕೆಲಸ ಅಂದರೆ ಅಷ್ಟು ಚೊಕ್ಕ. ಪ್ರತಿ ಮಗುವಿನ ಬೆಲ್ಟು ಟಕ್ ಅನ್ನುವ ತನಕ ಗಾಡಿ ಕದಲುತ್ತಿರಲಿಲ್ಲ. ಆದರೆ ಈಚೆಗೆ ಅಜ್ಜಿಯೂ ಆ ವ್ಯಾನು ಹತ್ತುತ್ತಿದ್ದಳು. ಮಕ್ಕಳನ್ನು ಹತ್ತಿಸಿ ಇಳಿಸೋಕೆ ಎಂದು ಊರಿಗೆಲ್ಲ ಹೇಳಿದ್ದಳು. ನಿಜವೆಂದರೆ, ವರ್ಷಗಟ್ಟಲೆ ಓಡಿಸಿದ ರಸ್ತೆಯ ತಿರುವಿನಲ್ಲೇ ತಾತ ಬ್ರೇಕ್ ಒತ್ತಿ, "ಎಡಕ್ಕೋ, ಬಲಕ್ಕೋ?" ಎಂದು ಮೆಲ್ಲಗೆ ಕೇಳುತ್ತಿದ್ದ. ಅವಳೂ ಮೆಲ್ಲಗೆ ಹೇಳುತ್ತಿದ್ದಳು. ವ್ಯಾನು ಬಿಡಿಸಿದರೆ ಈ ಮನುಷ್ಯ ಕುಸಿದೇ ಹೋಗುತ್ತಾನೆ ಎಂಬ ಭಯ ಅವಳಿಗೆ.

ಸ್ವಲ್ಪ ಹೊತ್ತಿಗೆಲ್ಲ ತಾತ ಹೊರಗೆ ಬಂದ. ಎಲ್ಲರಿಗಿಂತ ಮೊದಲು! ತಲೆಗೂದಲಿಗೆ ಜೋಳದ ಎಳೆ ಅಂಟಿತ್ತು, ಮುಖ ಅರಳಿತ್ತು.

"ನೋಡಿದ್ಯಾ? ಒಂದು ಕಡೆನೂ ದಾರಿ ತಪ್ಪಲಿಲ್ಲ ಕಣೇ!"

ಅಜ್ಜಿ ಅವನ ಕೈಗಳನ್ನು ನೋಡಿದಳು.

"ರೀ, ಪುಟ್ಟಿ ಎಲ್ಲಿ?"

"ಪುಟ್ಟಿನಾ? ನಿನ್ನ ಹತ್ರಾನೇ ಇದ್ಲಲ್ಲ?"

ಅಜ್ಜಿಯ ಮಂಡಿನೋವು ಎಲ್ಲಿ ಹೋಯಿತೋ, ಒಳಗೆ ನುಗ್ಗಿದಳು. "ಪುಟ್ಟೀ! ಪುಟ್ಟೀ!" ಜೋಳದ ಗರಿ ಮುಖಕ್ಕೆ ಗೀರಿತು. "ಏನಮ್ಮ, ನೀನೂ ಬಂದ್ಯಾ?" ಎಂದು ಆಚೆ ಸಾಲಿನಿಂದ ಮಗಳು ನಕ್ಕಳು. ಅಜ್ಜಿ ಇನ್ನೊಮ್ಮೆ ಕೂಗಿದ ಮೇಲೆ ನಗು ನಿಂತಿತು. ಮೂವರೂ ಕೂಗುತ್ತ ಅಲೆದರು.

ದಾರಿ ಮುಚ್ಚಿದ ಒಂದು ಮೂಲೆಯಲ್ಲಿ ಪುಟ್ಟಿ ಫ್ರಾಕಿನ ತುದಿ ಕಚ್ಚಿಕೊಂಡು ಕೂತಿತ್ತು. "ಇಲ್ಲೇ ಇರು, ದಾರಿ ನೋಡ್ಕೊಂಡು ಬರ್ತೀನಿ ಅಂದ್ರು ತಾತ. ನಾನು ಅಳಲೇ ಇಲ್ಲ," ಎಂದು ಹೇಳಿ ಭೋರೆಂದು ಅತ್ತಿತು.

ಎಲ್ಲರೂ ವ್ಯಾನಿನ ಹತ್ತಿರ ಬಂದರು. ತಾತ ಡ್ರೈವರ್ ಬಾಗಿಲ ಬಳಿ ನಿಂತು, ಎಂದಿನಂತೆ ಕೈ ಚಾಚಿದ. ಅಜ್ಜಿ ಅವನ ಮುಖ ನೋಡದೆ ಕೀಯನ್ನು ಮಗಳ ಕೈಗಿಟ್ಟಳು.

"ನೀನು ಓಡ್ಸು. ನಾಳೆ ಸ್ಕೂಲಿನವರ ಹತ್ರ ನಾನೇ ಮಾತಾಡ್ತೀನಿ."

"ಅಮ್ಮ, ಯಾವಾಗಿಂದ ಹೀಗೆ?"

"ಮನೆಗೆ ಹೋಗೋಣ, ಹೇಳ್ತೀನಿ."

ತಾತನ ಕೈ ಇನ್ನೂ ಚಾಚಿಯೇ ಇತ್ತು. ಆಮೇಲೆ ಅದನ್ನು ಅಂಗಿಗೆ ಒರೆಸಿಕೊಂಡು, ಹಿಂದಿನ ಬಾಗಿಲಿಂದ ಬಗ್ಗಿ ಹತ್ತಿ, ಮಕ್ಕಳ ಸೀಟಿನಲ್ಲಿ ಮುದುರಿ ಕೂತ. ಪುಟ್ಟಿ ಪಕ್ಕದಲ್ಲೇ ಕೂತಿತು. ಕೆನ್ನೆ ಇನ್ನೂ ಒದ್ದೆಯಾಗಿತ್ತು.

"ತಾತ, ಬೆಲ್ಟು."

ತಾತ ಬೆಲ್ಟು ಎಳೆದು ಕೊಕ್ಕೆ ಹುಡುಕಿದ. ಬೆರಳುಗಳು ಅತ್ತಿತ್ತ ತಡಕಾಡಿದವು. ಮಗಳು ಕೀ ತಿರುಗಿಸದೆ ಕನ್ನಡಿಯಲ್ಲಿ ನೋಡುತ್ತ ಕೂತಿದ್ದಳು. ಪುಟ್ಟಿ ಅವನ ಮಡಿಲ ಮೇಲೆ ಬಾಗಿ, ಪುಟ್ಟ ಕೈಗಳೆರಡನ್ನೂ ಸೇರಿಸಿ, ಟಕ್ ಅನ್ನುವ ತನಕ ಒತ್ತಿತು.