ಬಿಳಿ ಕಂಬ ಎಣಿಸಿದ ಕ್ಲೈವ್

ಪೋರ್ಟ್ ಅಗಸ್ಟಾದಿಂದ ಉತ್ತರಕ್ಕೆ ಹೋಗುವ ನಮಗೆಲ್ಲ ಈ ಸಂಕಟ ಗೊತ್ತಿರುವುದೇ. ಹೋಗಲೊಂದು ಬರಲೊಂದು ಸಾಲಿನ ರಸ್ತೆ. ಮುಂದೆ ರೋಡ್ ಟ್ರೇನ್, ಅಂದರೆ ಮೂರು ಟ್ರೇಲರ್ ಎಳೆದುಕೊಂಡು ಹೋಗುವ ಐವತ್ತಮೂರು ಮೀಟರ್ ಉದ್ದದ ಲಾರಿ. ಗಂಟೆಗಟ್ಟಲೆ ಅದರ ಬೆನ್ನು ನೋಡುತ್ತ ಕೂತವರಿಗೆ ಕಾಲು ಸುಮ್ಮನಿರುವುದಿಲ್ಲ. ಪಕ್ಕದ ಮನೆಯ ಕ್ಲೈವ್‌ಗಂತೂ ಐದು ನಿಮಿಷವೂ ತಡೆಯಲಾಗುತ್ತಿರಲಿಲ್ಲ.

ಕ್ಲೈವ್ ಇಪ್ಪತ್ತೆರಡು ವರ್ಷ ಓಡಿಸಿದ್ದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ನಿವೃತ್ತಿಯಾದ ಮೇಲೆ ಅದನ್ನು ಔಷಧಿ ಅಂಗಡಿಯ ಡಾರೆಲ್‌ಗೆ ಮಾರಿ ದೊಡ್ಡ ಎಸ್‌ಯುವಿ ತಂದ. ಅದರ ಹಿಂದೆ ಕ್ಯಾರವಾನ್, ಅಂದರೆ ಮಲಗಲು ಅಡುಗೆ ಮಾಡಲು ಜಾಗವಿರುವ ಚಕ್ರದ ಮನೆ, ಕಟ್ಟಿದ. ಗಾಡಿ ಬದಲಾಯಿತು. ಅವನ ಕಣ್ಣಳತೆ ಮಾತ್ರ ಹಳೆಯ ಕಾರಿನದೇ ಉಳಿಯಿತು.

ಕಳೆದ ತಿಂಗಳು ಆ ದಾರಿಯ ಪಿಂಬಾ ಹತ್ತಿರ ಒಂದು ರೋಡ್ ಟ್ರೇನನ್ನು ದಾಟಲು ಹೋದ. ಅರ್ಧ ದಾಟುವಷ್ಟರಲ್ಲಿ ಎದುರಿಗೊಂದು ಕಾರು ಬಂತು. ಲಾರಿಯವನು ಬ್ರೇಕ್ ಹಾಕಿದ, ಎದುರಿನವನು ರಸ್ತೆ ಬಿಟ್ಟು ಮಣ್ಣಿಗಿಳಿದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಗ್ಲೆನಿಸ್ ಮನೆಗೆ ಬಂದವಳೇ ಅದೇ ದಾರಿಯ ಆಲಿಸ್ ಸ್ಪ್ರಿಂಗ್ಸ್‌ಗೆ ಒಂದು ಬಸ್ ಟಿಕೆಟ್ ತೆಗೆಸಿದಳು. ಒಂದೇ ಒಂದು. ಅಲ್ಲಿ ಮಗಳಿಗೆ ಚೊಚ್ಚಲ ಹೆರಿಗೆಯಾಗಿತ್ತು. ಗಂಡ ಹೆಂಡತಿ ಕ್ಯಾರವಾನಿನಲ್ಲಿ ಹೋಗಿ ಎರಡು ತಿಂಗಳು ಇದ್ದು ಬರುವುದೆಂದು ಮಾತಾಗಿತ್ತು.

ಕ್ಲೈವ್ ಬೇಲಿಯ ಹತ್ತಿರ ಬಂದು ನನ್ನಲ್ಲಿ ಗೋಳು ತೋಡಿಕೊಂಡ. ಅಂದು ನನ್ನ ತಂಗಿ ಟ್ರೂಡಿಯೂ ಮನೆಯಲ್ಲಿದ್ದಳು. ಹದಿನೆಂಟು ವರ್ಷದಿಂದ ಅದೇ ದಾರಿಯಲ್ಲಿ ರೋಡ್ ಟ್ರೇನ್ ಓಡಿಸುವವಳು ಅವಳು.

"ಲಾರಿಯವ್ನೇ ರೇಡಿಯೋದಲ್ಲಿ, ಖಾಲಿ ಇದೆ ಬಾ ಅಂದ. ನಂದೇನು ತಪ್ಪು?" ಅಂದ ಕ್ಲೈವ್. ಆ ದಾರಿಯ ಗಾಡಿಗಳಲ್ಲಿ ಒಬ್ಬರಿಗೊಬ್ಬರು ಮಾತಾಡಲು ರೇಡಿಯೋ ಇರುತ್ತದೆ.

"ಅವ್ನು ಮುಂದಿನ ರಸ್ತೆ ನೋಡಿ ಹೇಳ್ದ," ಅಂದಳು ಟ್ರೂಡಿ. "ನಿನ್ನ ಗಾಡಿ ಎಷ್ಟು ಭಾರ ಅಂತ ಅವನಿಗೇನು ಗೊತ್ತು? ನಾನೂ ಎಷ್ಟೋ ಜನಕ್ಕೆ ಹಾಗೇ ಹೇಳಿದೀನಿ. ಬಾ ಅನ್ನೋದು ನಾವು, ದಾಟ್ಬೇಕಾಗಿರೋದು ನೀನು."

"ನನ್ನ ಗಾಡಿಗೇನಾಗಿದೆ? ಎಂಜಿನ್ ಹಳೇದಕ್ಕಿಂತ ದೊಡ್ಡದು. ಪಿಕಪ್ ಕಮ್ಮಿ ಅಂತ ಯಾರ್ ಹೇಳಿದ್ದು?"

"ಎಂಜಿನ್ ದೊಡ್ಡದು ಮಾರಾಯ, ಹೊರೆ ಇನ್ನೂ ದೊಡ್ಡದು. ಆ ಕೆಂಪು ಕಾರು ಒಂದು ಟನ್ ಇತ್ತು. ಇದು ಎರಡೂವರೆ, ಹಿಂದಿನ ಕ್ಯಾರವಾನ್ ಇನ್ನೊಂದು ಎರಡೂವರೆ. ನೀರಿನ ಟ್ಯಾಂಕ್ ತುಂಬಿಸ್ತೀಯ, ಜನರೇಟರ್ ಹೇರ್ತೀಯ."

"ಬಿಯರ್ ಪೆಟ್ಟಿಗೆ ಬಿಟ್ಟೆಯಲ್ಲ ಟ್ರೂಡಿ," ಅನ್ನುತ್ತ ಗ್ಲೆನಿಸ್ ಹೊರಗೆ ಬಂದಳು. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ನಾನು ಜಗಳ ಆಡ್ತಿಲ್ಲ ಕ್ಲೈವ್. ನಂಗೆ ಮೊಮ್ಮಗೂನ ಎತ್ಕೋಬೇಕು, ಅಷ್ಟೇ. ನಿನ್ನ ಪಕ್ಕ ಕೂತ್ರೆ ಅಲ್ಲೀವರ್ಗೂ ಹೋಗ್ತೀನೋ ಇಲ್ವೋ ಅಂತ ಭಯ."

ಕ್ಲೈವ್ ಮುಖ ಇಳಿದುಹೋಯಿತು. ನನಗೂ ಅಯ್ಯೋ ಅನಿಸಿತು.

"ಮಾತು ಬೇಡ, ಭಾನುವಾರ ಅಳೆದೇ ನೋಡೋಣ," ಅಂದಳು ಟ್ರೂಡಿ.

ಭಾನುವಾರ ಬೆಳಿಗ್ಗೆ ಊರಾಚೆಯ ನೇರ ರಸ್ತೆಗೆ ಹೋದೆವು. ವಾಹನದ ಸುಳಿವೇ ಇರಲಿಲ್ಲ. ಅಲ್ಲಿ ರಸ್ತೆ ಬದಿಯ ಬಿಳಿ ಕಂಬಗಳು ನೂರೈವತ್ತು ಮೀಟರಿಗೊಂದು. ಒಂದು ಕಂಬದ ಹತ್ತಿರ ಎಂಬತ್ತರ ವೇಗದಲ್ಲಿರಬೇಕು, ಅಲ್ಲಿಂದ ಆಕ್ಸಿಲರೇಟರ್ ಪೂರ್ತಿ ತುಳಿಯಬೇಕು, ನೂರಹತ್ತು ಮುಟ್ಟುವಾಗ ಎಷ್ಟು ಕಂಬ ದಾಟಿದೆವೆಂದು ನೋಡಬೇಕು. ಓಡಿಸುವವರು ಬೇರೆ. ಕ್ಲೈವ್ ಪಕ್ಕದ ಸೀಟಿನಲ್ಲಿ ಕೂತು ಎಣಿಸುವುದು ಮಾತ್ರ.

ಡಾರೆಲ್‌ನಿಂದ ಕೆಂಪು ಕಾರು ಕೇಳಿ ತಂದಿದ್ದೆವು. ಅದನ್ನು ಟ್ರೂಡಿ ಓಡಿಸಿದಳು. ಮುಂದಿನ ಕಂಬ ಇನ್ನೂ ಅರ್ಧ ದೂರ ಇರುವಾಗಲೇ ನೂರಹತ್ತು. ಕ್ಲೈವ್ ಕೆಳಗಿಳಿದು ಕಾರಿನ ಬೆನ್ನು ಸವರಿದ.

ಆಮೇಲೆ ಎಸ್‌ಯುವಿ, ಕ್ಯಾರವಾನ್ ಇಲ್ಲದೆ. ಗ್ಲೆನಿಸ್ ಓಡಿಸಿದಳು. ನಾನೂ ಟ್ರೂಡಿಯೂ ಹಿಂದೆ ಕೂತೆವು. ಒಂದು ಕಂಬ ದಾಟಿದ ಮೇಲೆ ನೂರಹತ್ತು ಬಂತು. "ಪರವಾಗಿಲ್ವಲ್ಲ," ಅಂದ ಕ್ಲೈವ್.

ಕೊನೆಗೆ ಕ್ಯಾರವಾನ್ ಕಟ್ಟಿ, ನೀರಿನ ಟ್ಯಾಂಕ್ ತುಂಬಿಸಿ ಹೊರಟೆವು, ಓಡಿಸಿದ್ದು ಗ್ಲೆನಿಸ್ಸೇ. ಒಂದು ಕಂಬ ಹೋಯಿತು. ಎಂಜಿನ್ ಕೂಗುತ್ತಿತ್ತು, ಮುಳ್ಳು ತೊಂಬತ್ತರ ಹತ್ತಿರ. ಎರಡನೆಯ ಕಂಬವೂ ಹೋಯಿತು. ಕ್ಲೈವ್‌ನ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಅಲ್ಲೇನೂ ಇಲ್ಲ, ಆ ಸೀಟಲ್ಲಿ ಕೂತು ನಾನೂ ಎಷ್ಟೋ ಸಲ ಒತ್ತಿ ನೋಡಿದೀನಿ," ಅಂದಳು ಗ್ಲೆನಿಸ್.

ಮೂರನೆಯ ಕಂಬ ಎದುರಿಗೇ ಕಾಣುವಾಗ ನೂರಹತ್ತು ಮುಟ್ಟಿತು. ಗ್ಲೆನಿಸ್ ಗಾಡಿ ನಿಲ್ಲಿಸಿದಳು.

"ಇದು ಬರೀ ವೇಗ ಏರೋಕೆ," ಅಂದಳು ಟ್ರೂಡಿ. "ಆಮೇಲೆ ನನ್ನ ಲಾರಿ ಬಾಲದಿಂದ ಮೂತಿವರೆಗೆ ಬಂದು, ಅಂತರ ಬಿಟ್ಟು ಒಳಗೆ ಸೇರೋಷ್ಟರಲ್ಲಿ ಒಟ್ಟು ಒಂದು ಕಿಲೋಮೀಟರ್ ಆಗುತ್ತೆ. ಎದುರಿನವನೂ ಅಷ್ಟರಲ್ಲಿ ಒಂದು ಕಿಲೋಮೀಟರ್ ಬಂದಿರ್ತಾನೆ. ಎರಡು ಕಿಲೋಮೀಟರ್ ಖಾಲಿ ಕಾಣದಿದ್ರೆ ಹೊರಗೆ ಬರಲೇಬೇಡ."

"ಅವತ್ತು ಅದರ ಅರ್ಧವೂ ಕಾಣ್ತಿರ್ಲಿಲ್ಲ," ಅಂದ ಕ್ಲೈವ್. ಆಮೇಲೆ ಹೆಂಡತಿ ಕಡೆ ತಿರುಗಿ, "ತಪ್ಪಾಯ್ತು," ಅಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಗ್ಲೆನಿಸ್ ಬಸ್ ಟಿಕೆಟ್ ವಾಪಸ್ ಮಾಡಿದಳು. ಇಬ್ಬರೂ ಹೊರಟರು. ಮುಂದಿನದು ಅವಳು ಆಲಿಸ್ ಸ್ಪ್ರಿಂಗ್ಸ್ ಮುಟ್ಟಿ ಫೋನಿನಲ್ಲಿ ಹೇಳಿದ್ದು.

ಎರಡನೆಯ ದಿನ ಮುಂದೆ ಒಂದು ರೋಡ್ ಟ್ರೇನ್ ಸಿಕ್ಕಿತು. ಅರ್ಧ ಗಂಟೆ ಅದರ ಹಿಂದೆಯೇ ಹೋದರು. ಲಾರಿಯವನಿಗೇ ಬೇಜಾರಾಗಿ ರೇಡಿಯೋದಲ್ಲಿ, "ಹಿಂದಿನ ಗಾಡಿಯವ್ರೇ, ಖಾಲಿ ಇದೆ, ಬನ್ನಿ," ಅಂದ. ಕ್ಲೈವ್ ಮುಂದೆ ನೋಡಿದ. ಒಂದು ಕಿಲೋಮೀಟರ್ ಆಚೆ ರಸ್ತೆ ತಗ್ಗಿಗಿಳಿದು ಮರೆಯಾಗಿತ್ತು.

"ಥ್ಯಾಂಕ್ಸ್ ಮಾರಾಯ. ನಂದು ಭಾರ ಜಾಸ್ತಿ, ಪಿಕಪ್ ಸಾಲಲ್ಲ. ಓವರ್‌ಟೇಕ್ ಲೇನ್ ಬರೋವರೆಗೆ ನಿನ್ನ ಹಿಂದೇನೇ ಇರ್ತೀನಿ," ಅಂದ.

ಮಾತು ಮುಗಿದು ಸ್ವಲ್ಪ ಹೊತ್ತಿಗೆ ತಗ್ಗಿನಿಂದ ಒಂದು ನೀಲಿ ಕಾರು ಮೇಲೆ ಬಂತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದುದು ಗ್ಲೆನಿಸ್‌ಗೆ ಒಂದು ಕ್ಷಣ ಕಂಡಿತು. ಓಡಿಸುತ್ತಿದ್ದ ಹೆಂಗಸು ನಮ್ಮ ಕಡೆಯ ವಾಡಿಕೆಯಂತೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದಳು. ಕ್ಲೈವೂ ಬೆರಳೆತ್ತಿದ.

ಓದುತ್ತಿರುವ ನೀವೂ ಗಾಡಿ ಬದಲಿಸಿರಬಹುದು, ಹಿಂದೆ ಹೊರೆ ಕಟ್ಟಿರಬಹುದು. ಹೊರಡುವ ಮುಂಚೆ ಒಂದು ಬೆಳಿಗ್ಗೆ ಖಾಲಿ ರಸ್ತೆಗೆ ಹೋಗಿ, ಹೊರೆ ಸಮೇತ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಕಂಬ ಎಣಿಸಿ. ಯಾರು ಬಾ ಅಂದರೂ ನಿಮ್ಮ ಗಾಡಿಗೆ ಆಗದಿದ್ದರೆ ಹಿಂದೆಯೇ ಇರಿ. ಆ ನೀಲಿ ಕಾರಿನ ಮಕ್ಕಳಿಗೆ ಅಂದು ಎಚ್ಚರವೇ ಆಗಲಿಲ್ಲ. ಹಾಗೇ ನಿದ್ದೆ ಮಾಡುತ್ತ ಮನೆ ಸೇರಲಿ ಎಲ್ಲರ ಮಕ್ಕಳೂ.