ಹಂದಿಯ ತೊಡೆ ಮತ್ತು ಒಂದೇ ದೋಣಿ ಪಕ್ಷದ ಚರಿತ್ರೆ

"ಪಕ್ಷ ಹುಟ್ಟೋ ಹೊತ್ತಲ್ಲಿ ನಿಮ್ಮಜ್ಜ ಗೊರಕೆ ಹೊಡೀತಿದ್ದ ಕಣೋ! ಗೊರಕೆ ಹೊಡೆದೋರ ಹೆಸರೆಲ್ಲ ಚರಿತ್ರೆಗೆ ಹಾಕ್ತಾ ಹೋದ್ರೆ ಈ ಊರಿನ ಹಂದಿಗಳ ಹೆಸರೂ ಬರೀಬೇಕಾಗುತ್ತೆ!"

ಸಭೆಮನೆಯ ಕಂಬಕ್ಕೊಬ್ಬರಂತೆ ಒರಗಿ ಕೂತಿದ್ದ ಯಜಮಾನರೆಲ್ಲ ಹೊಟ್ಟೆ ಕುಣಿಸಿ ನಕ್ಕರು. ಕೆಲವರಿಗೆ ಮಾತು ಕೇಳಿಸಿರಲೇ ಇಲ್ಲ. ಆದರೂ ನಕ್ಕರು, ಏಕೆಂದರೆ ಮಂತ್ರಿ ನಕ್ಕಿದ್ದ.

ನಗದೇ ಕೂತವನು ಪೆನಿಯಾಟ ಒಬ್ಬನೇ. ಇಪ್ಪತ್ತಾರು ವರ್ಷ, ಏಳನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಕೆಸುವಿನ ತೋಟಕ್ಕಿಳಿದವನು. ಆರು ವರ್ಷದ ಹಿಂದೆ ಸತ್ತ ಅಜ್ಜ ಸೌಮಾನಿ ಬಿಟ್ಟುಹೋದ ಮನೆತನದ ಯಜಮಾನಿಕೆ ಹೋದ ವರ್ಷವಷ್ಟೇ ಅವನ ಹೆಗಲಿಗೆ ಬಂದಿತ್ತು. ಅದರ ಜೊತೆಗೆ ಬಂದದ್ದು ಅಜ್ಜ ಒರಗುತ್ತಿದ್ದ ಕಂಬ ಮತ್ತು ಆ ಕಂಬದ ಗೆದ್ದಲು.

ಬೈದವನು ಫಾಯುಮು. ಪಕ್ಷದ ಕಾರ್ಯದರ್ಶಿ, ಊರಿನ ಮಾತುಗಾರ, ಸಂಬಂಧದಲ್ಲಿ ಪೆನಿಯಾಟನಿಗೆ ಮಾವ. ಹೆಗಲ ಮೇಲೆ ನಾರಿನ ಚಾಮರ, ಕೈಯಲ್ಲಿ ಕೋಲು, ಬಾಯಲ್ಲಿ ಸುಳ್ಳು. ಮೂರೂ ಅವನಿಗೆ ಅಪ್ಪನಿಂದ ಬಂದದ್ದು.

ವಿಷಯ ಇಷ್ಟೇ. ಒಂದೇ ದೋಣಿ ಪಕ್ಷಕ್ಕೆ ನಲವತ್ತು ತುಂಬಿತ್ತು. ಸವಾಯಿ ದ್ವೀಪದ ಈ ಫಾಲೆಲೂಪೆ ಎಂಬ ಊರಿನಲ್ಲಿ, ಇದೇ ಸಭೆಮನೆಯಲ್ಲಿ, ಐವರು ಯಜಮಾನರು ಕೂತು ಅದನ್ನು ಹುಟ್ಟಿಸಿದ್ದರು. ಈಗ ಪಕ್ಷದ ಚರಿತ್ರೆಯನ್ನು ಬರೆಸಿ, ಹುಟ್ಟಿದ ಊರಿನ ಒಪ್ಪಿಗೆ ಪಡೆದು, ಸಂಜೆ ಆರಕ್ಕೆ ರಾಜಧಾನಿ ಆಪಿಯಾದ ರೇಡಿಯೊದಲ್ಲಿ ಓದಬೇಕು ಅಂತ ಮಂತ್ರಿ ಟೋಲುವಾ ಬೆಳಿಗ್ಗೆಯೇ ಹಡಗು ಹತ್ತಿ ಬಂದಿದ್ದ. ವಾಪಸ್ ಹೋಗುವ ಕೊನೆಯ ಹಡಗು ಎರಡು ಗಂಟೆಗೆ.

ಚರಿತ್ರೆ ಹನ್ನೆರಡು ಹಾಳೆ ಇತ್ತು. ಪಕ್ಷ ಹುಟ್ಟಿದ ದಿನ ಆಕಾಶದಲ್ಲಿ ಎರಡು ಕಾಮನಬಿಲ್ಲು ಮೂಡಿದವಂತೆ. ಒಂದು ಆಮೆ ತಾನಾಗಿಯೇ ದಡಕ್ಕೆ ಬಂದು ಆನಂದಬಾಷ್ಪ ಸುರಿಸಿತಂತೆ. ಮೊದಲ ಚುನಾವಣೆಯಲ್ಲಿ ಪಕ್ಷ ಒಂದೇ ಮತದಿಂದ ಗೆದ್ದಿತು. ಎರಡನೆಯದರಲ್ಲಿ ಸೋತವರನ್ನು ಊಟಕ್ಕೆ ಕರೆದರು. ಊಟ ಮುಗಿಸಿ ಎದ್ದಾಗ ವಿರೋಧ ಪಕ್ಷದ ಒಂಬತ್ತು ಜನರಲ್ಲಿ ಏಳು ಜನ ಮಂತ್ರಿಗಳಾಗಿದ್ದರು, ಇನ್ನಿಬ್ಬರಿಗೆ ಊಟ ಸೇರಿರಲಿಲ್ಲ. ಅವರಿಗೆ ಮಾರನೇ ದಿನ ಮೀನು ಮಾಡಿಸಿದರು. ಹೀಗೆ ಉಣ್ಣಿಸಿ ಉಣ್ಣಿಸಿ, ಇವತ್ತು ಸಂಸತ್ತಿನಲ್ಲಿ ಎದುರು ಬೆಂಚಿನಲ್ಲಿ ಉಳಿದಿರುವವನು ಒಬ್ಬನೇ. ಅವನು ಸಕ್ಕರೆ ಕಾಯಿಲೆಯವನು.

ಇಷ್ಟೆಲ್ಲ ಇದ್ದ ಚರಿತ್ರೆಯಲ್ಲಿ ಹುಟ್ಟಿಸಿದವರ ಹೆಸರು ನಾಲ್ಕೇ ಇತ್ತು.

"ಐದನೆಯವರು ನಮ್ಮಜ್ಜ. ಎಲ್ಲಿ ಅವರ ಹೆಸರು?" ಎಂದು ಪೆನಿಯಾಟ ಕೇಳಿದ್ದಕ್ಕೇ ಆ ಗೊರಕೆಯ ಮಾತು ಬಂದದ್ದು.

ನಗು ಇಳಿದ ಮೇಲೆ ಪೆನಿಯಾಟ ಹಲ್ಲು ಕಚ್ಚಿ ಹೇಳಿದ. "ಅಜ್ಜ ನಿದ್ದೆ ಮಾಡಿರ್ಲಿಲ್ಲ ಮಾವ. ಕಣ್ಣು ಮುಚ್ಕೊಂಡಿದ್ರು. ಒಲ್ಲೆ ಅನ್ನೋದಕ್ಕೆ ಕಣ್ಣು ಮುಚ್ಕೊಂಡಿದ್ರು. ನನಗೆ ಅವರೇ ಹೇಳಿದ್ದು. ಹಾಗೇ ಬರೀರಿ. ನಾಲ್ವರು ಹೂಂ ಅಂದ್ರು, ಒಬ್ಬ ಒಲ್ಲೆ ಅಂದ."

ಸಭೆಮನೆಯಲ್ಲಿ ಗೌಜೆದ್ದಿತು. ಅದಕ್ಕೆ ಕಾರಣವಿತ್ತು. ಈ ಊರಲ್ಲಿ ಕೈ ಎತ್ತುವುದು, ಚೀಟಿ ಹಾಕುವುದು ಇಲ್ಲ. ಎಲ್ಲರೂ ಕೂತು ಆವಾ ಬೇರಿನ ನೀರು ಕುಡಿಯುತ್ತಾರೆ, ಸಾಯುವಷ್ಟು ಮಾತಾಡುತ್ತಾರೆ. ಕೊನೆಗೆ ಕೂತವರೆಲ್ಲ ಒಪ್ಪಿದ ಹಾಗೆ. ಬಾಯಿಬಿಟ್ಟು ಒಲ್ಲೆ ಎನ್ನುವುದು ಮರ್ಯಾದೆಗೇಡು. ಒಪ್ಪದವನು ಎದ್ದು ಹೊರಗೆ ಹೋಗಬೇಕು. ಹೋದವನು ಮರಳಿ ಬಂದು ಕೂರುವ ತನಕ ತೀರ್ಮಾನವೂ ಇಲ್ಲ, ಊಟವೂ ಇಲ್ಲ. ಊಟದ ಭಯಕ್ಕೆ ಯಾವನೂ ಏಳುವುದಿಲ್ಲ. ಹಾಗಾಗಿ ಈ ಊರಲ್ಲಿ ನೂರಾರು ವರ್ಷಗಳಿಂದ ಎಲ್ಲರೂ ಎಲ್ಲದಕ್ಕೂ ಒಪ್ಪಿದ್ದಾರೆ.

ಮಂತ್ರಿ ಕೈಗಡಿಯಾರ ನೋಡಿದ. ಹನ್ನೆರಡೂವರೆ. ಅವನು ಜೇನಿನಂಥ ದನಿ ತೆಗೆದ. "ಹುಡುಗ ನೊಂದ್ಕೊಂಡಿದ್ದಾನೆ. ಏನೋ ಒಂದು ದಾರಿ ಮಾಡೋಣ. ಅಜ್ಜ ನಿದ್ದೇಲಿ ನಕ್ಕರು ಅಂತ ಬರೆಯೋಣವಾ?"

"ಬೇಡ."

"ಅರೆನಿದ್ದೆ?" ಅಂದ ಒಬ್ಬ ಯಜಮಾನ.

"ಕಾಲುನಿದ್ದೆ?" ಅಂದ ಇನ್ನೊಬ್ಬ.

"ಇದೇನ್ರೀ, ಸಂತೇಲಿ ಮೀನು ಕೊಳ್ತಿದೀರಾ?" ಪೆನಿಯಾಟನ ಕಿವಿ ಕೆಂಪಾಗಿತ್ತು.

"ಪ್ರಾರ್ಥನೆ ಮಾಡ್ತಿದ್ರು ಅಂತ ಬರೀರಿ," ಎಂದ ಪಾದ್ರಿ. ಅವನಿಗೆ ಮಾತಾಡುವ ಅವಕಾಶ ಸಿಕ್ಕಿದ್ದೇ ಅವತ್ತು. "ಕಣ್ಣು ಮುಚ್ಚಿದ್ದೂ ಸರಿಹೋಗುತ್ತೆ, ದೇವರಿಗೂ ಒಂದು ಸಾಲು ಸಿಗುತ್ತೆ."

ಆಹಾ ಎಂದು ಅರವತ್ತು ಬಾಯಿ ಉದ್ಗಾರ ತೆಗೆದವು. ಫಾಯುಮು ಆಗಲೇ ಪೆನ್ನು ನೆಕ್ಕಿ ಬರೆಯಲು ಬಗ್ಗಿದ್ದ.

"ಪ್ರಾರ್ಥನೆ ಅಲ್ಲ! ಒಲ್ಲೆ ಅಂದ್ರು, ಒಲ್ಲೆ! ಆ ಪದ ಬರೆಯಕ್ಕೆ ಬರಲ್ವಾ ನಿಮ್ಮ ಪಕ್ಷಕ್ಕೆ?"

"ನಲವತ್ತು ವರ್ಷದಿಂದ ಯಾರೂ ಹೇಳಿಲ್ಲವಲ್ಲಪ್ಪ," ಎಂದ ಮಂತ್ರಿ ನಿಜವಾದ ಬೇಸರದಿಂದ. "ನಮ್ಮ ಟೈಪಿಸ್ಟಿಗೂ ಅಭ್ಯಾಸ ತಪ್ಪಿಹೋಗಿದೆ."

ಆಗ ಹೊರಗಿನಿಂದ ಒಂದು ಮುದಿ ಗಂಟಲು ಕೂಗಿತು. ಸಭೆಮನೆಗೆ ಗೋಡೆಗಳಿಲ್ಲ, ಹಾಗಾಗಿ ಪಕ್ಕದ ಚಪ್ಪರದಲ್ಲಿ ಚಾಪೆ ಹೆಣೆಯುತ್ತಿದ್ದ ಲಾಂಗಿ ಅಜ್ಜಿಗೆ ಎಲ್ಲ ಕೇಳಿಸಿತ್ತು. ಸೌಮಾನಿಯ ಹೆಂಡತಿ, ಎಂಬತ್ತಮೂರು ವರ್ಷ, ಬಾಯಲ್ಲಿ ಹಲ್ಲಿಲ್ಲ, ನಾಲಿಗೆಗೆ ಎಲುಬಿಲ್ಲ.

"ಏ ಮುಂಡೇವಾ! ನಿದ್ದೇನೂ ಅಲ್ಲ, ಪ್ರಾರ್ಥನೇನೂ ಅಲ್ಲ! ಹಂದಿ ತೊಡೆ ಕಣ್ರೋ, ಹಂದಿ ತೊಡೆ!"

"ಅಜ್ಜಿ, ಸುಮ್ನಿರು," ಎಂದ ಪೆನಿಯಾಟ.

"ಯಾಕೆ ಸುಮ್ನಿರಲಿ? ಗಂಡ ನನ್ನೋನು. ಎದ್ದು ಹೋಗ್ತೀನಿ ಅಂತ ಮನೇಲಿ ಪ್ರತಿಜ್ಞೆ ಮಾಡೇ ಹೊರಟಿದ್ದ. ಈ ಪಕ್ಷ ಬೇಡ, ಇವರು ಒಂದ್ಸಲ ಕೂತ್ರೆ ಏಳಲ್ಲ ಅಂದಿದ್ದ. ಅಷ್ಟರಲ್ಲಿ ಕಲ್ಲೊಲೆಯಿಂದ ಬೆಂದ ಹಂದಿ ತೆಗೆದ್ರು. ಅವನ ಮುಂದೆ ಎಲೆ ಹಾಸಿ ತೊಡೆ ಇಟ್ರು. ಚರ್ಮ ಗರಿಗರಿ ಅಂತಿತ್ತಂತೆ. ಎದ್ರೆ ಅದು ತಣ್ಣಗಾಗುತ್ತೆ! ಅದನ್ನ ನೋಡಕ್ಕಾಗಲ್ಲ ಅಂತ ಕಣ್ಣು ಮುಚ್ಕೊಂಡು ಕೂತ. ಬಾಯಿ ಮಾತ್ರ ತೆಗೆದಿತ್ತು!"

ಸಭೆ ಬಿದ್ದುಬಿದ್ದು ನಕ್ಕಿತು. ಮುಖ್ಯ ಯಜಮಾನ ನಗುವ ಭರಕ್ಕೆ ಆವಾ ಬಟ್ಟಲಿಗೆ ಮಂಡಿ ತಾಗಿಸಿ ಅರ್ಧ ಚೆಲ್ಲಿದ. ಪಾದ್ರಿ ಕಣ್ಣೊರೆಸಿಕೊಂಡ. ಕಂಬ ಅಲುಗಿ ಗೆದ್ದಲು ಪೆನಿಯಾಟನ ತಲೆ ಮೇಲೆ ಉದುರಿತು.

ಪೆನಿಯಾಟನಿಗೆ ನಗು ಬರಲಿಲ್ಲ. ಅಜ್ಜ ಸಾಯುವ ಮುಂಚೆ ಅವನ ಕೈ ಹಿಡಿದು, "ಒಲ್ಲೆ ಅಂದೆ ಕಣೋ ಮಗಾ, ಕಣ್ಣು ಮುಚ್ಕೊಂಡು ಅಂದೆ," ಎಂದು ಅತ್ತಿದ್ದು ನೆನಪಾಯಿತು. ಆ ಅಳು ಹೆಮ್ಮೆಯದ್ದು ಅಂತ ಆರು ವರ್ಷ ಅಂದುಕೊಂಡಿದ್ದ. ತೋಟದಲ್ಲಿ ಬೆನ್ನು ಮುರಿದಾಗೆಲ್ಲ, ನಾನು ಒಲ್ಲೆ ಅಂದವನ ಮೊಮ್ಮಗ ಎಂದು ಎದೆ ಸೆಟೆಸಿದ್ದ. ಈಗ ನೋಡಿದರೆ ಬರೀ ಒಂದು ತೊಡೆ. ನಲವತ್ತು ವರ್ಷದ ಸರ್ಕಾರಕ್ಕೆ ಒಂದು ತೊಡೆ!

"ಸರಿ, ಸತ್ಯ ಸಿಕ್ತು," ಎಂದ ಫಾಯುಮು ಚಾಮರ ಬೀಸುತ್ತ. "ಬರೀತೀನಿ ಕೇಳಿ: ಐದನೆಯವರಾದ ಸೌಮಾನಿ ಯಜಮಾನರು ಪಕ್ಷವನ್ನು ತುಂಬು ಬಾಯಿಂದ ಸ್ವಾಗತಿಸಿದರು. ಹೆಸರು ಬಂತಲ್ಲಪ್ಪ! ಇನ್ನೇನು ಬೇಕು ನಿನಗೆ?"

ಪೆನಿಯಾಟ ಮೊದಲು ಕೇಳಿದ್ದು ಅಷ್ಟೇ ತಾನೇ. ಹೆಸರು. ಈಗ ಹೆಸರಿದೆ, ಸಂಜೆ ರೇಡಿಯೊದಲ್ಲಿ ಎಲ್ಲ ದ್ವೀಪಗಳಿಗೂ ಕೇಳಿಸುತ್ತದೆ.

ಅಷ್ಟರಲ್ಲಿ ಹಿಂದಿನ ಅಂಗಳದಲ್ಲಿ, ಕಾದ ಕಲ್ಲುಗಳ ಕಲ್ಲೊಲೆಗೆ ಮುಚ್ಚಿದ್ದ ಎಲೆಗಳನ್ನು ಸರಿಸಿದರು. ಹೊಗೆ ಮೊದಲು ಬಂತು, ಆಮೇಲೆ ವಾಸನೆ. ತೆಂಗಿನಹಾಲಲ್ಲಿ ಬೆಂದ ಕೆಸುವಿನೆಲೆ, ಬಾಳೆಕಾಯಿ, ಎಲ್ಲಕ್ಕಿಂತ ಮೇಲೆ ಹಂದಿ. ಅರವತ್ತು ಹೊಟ್ಟೆಗಳು ಒಟ್ಟಿಗೆ ಗುರ್ ಎಂದವು. ಪದ್ಧತಿ ಪ್ರಕಾರ ಒಂದೊಂದು ಭಾಗ ಒಂದೊಂದು ಕಂಬಕ್ಕೆ. ಪೆನಿಯಾಟನ ಕಂಬಕ್ಕೆ ಬರುವುದು ತೊಡೆ. ಬಾಳೆಲೆಯ ಮೇಲೆ ಅದನ್ನು ಅವನ ಮುಂದೆ ಇಟ್ಟರು. ಚರ್ಮ ಬಂಗಾರದ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಕೊಬ್ಬು ಇನ್ನೂ ಚಿಟಪಟ ಎನ್ನುತ್ತಿತ್ತು. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ.

ಅಜ್ಜನ ಮೇಲಿನ ಸಿಟ್ಟು ಅರ್ಧ ಅಲ್ಲೇ ಕರಗಿತು. ದೇವರಾಣೆ, ಇದನ್ನು ಬಿಟ್ಟು ಏಳುವುದು ಮನುಷ್ಯನ ಕೈಲಾಗುವ ಮಾತಲ್ಲ.

"ಹಾಗಾದ್ರೆ ಎಲ್ಲರೂ ಕೂತಿದ್ದೀರಿ," ಎಂದು ಮಂತ್ರಿ ಕೈ ಉಜ್ಜಿದ. "ಪಕ್ಷದ ಚರಿತ್ರೆಗೆ ಊರಿನ ಒಪ್ಪಿಗೆ..."

ಪೆನಿಯಾಟ ಎದ್ದ.

ಏಳುವುದೇನೋ ಎದ್ದ, ಆದರೆ ಬೆಳಿಗ್ಗೆಯಿಂದ ಚಕ್ಕಂಬಕ್ಕಳ ಹಾಕಿ ಕೂತು ಎಡಗಾಲು ಜೋಮು ಹಿಡಿದಿತ್ತು. ಒಂದು ಹೆಜ್ಜೆಗೇ ಮುಗ್ಗರಿಸಿ ಮಂತ್ರಿಯ ಬೋಳುತಲೆಗೆ ಕೈ ಊರಿದ. ಸಾವರಿಸಿಕೊಂಡು, ಒಂಟಿಕಾಲ ಕೊಕ್ಕರೆಯಂತೆ ಕುಂಟುತ್ತ ಮೆಟ್ಟಿಲಿಳಿದ.

ಯಾರೂ ನಗಲಿಲ್ಲ. ಬಾಯಿಗೆ ಅರ್ಧ ಎತ್ತಿದ್ದ ಕೈಗಳು ಅಲ್ಲೇ ನಿಂತವು.

"ಎಲ್ಲಿಗಪ್ಪಾ?" ಮಂತ್ರಿಯ ದನಿಯಲ್ಲಿದ್ದ ಜೇನೆಲ್ಲ ಆರಿಹೋಗಿತ್ತು. "ಹೊರಕಡೆಗಾ? ಬೇಗ ಬಾ, ಹಡಗಿದೆ ನನಗೆ!"

"ಲೋ ಪೆನಿಯಾಟ! ತಣ್ಣಗಾಗುತ್ತೋ! ಅರವತ್ತು ಜನದ ಊಟ ಕಣೋ!" ಎಂದು ಫಾಯುಮು ಕೋಲು ಕುಟ್ಟಿದ. "ಇನ್ನೊಂದು ತೊಡೆನೂ ಕೊಡ್ತೀನಿ ಬಾರೋ! ನನ್ನದೇ ಕೊಡ್ತೀನಿ!"

ಲಾಂಗಿ ಅಜ್ಜಿ ಚಾಪೆ ಹೆಣೆಯುವುದನ್ನು ನಿಲ್ಲಿಸಿ ಬೊಚ್ಚುಬಾಯಿ ತೆರೆದು ನೋಡಿದಳು. ಮೊದಲ ನೊಣ ಬಂದು ತೊಡೆಯ ಮೇಲೆ ಕೂತಿತು.

"ವಾಪಸ್ ಬರ್ತೀಯ ತಾನೇ?" ಎಂದು ಅರವತ್ತು ಯಜಮಾನರು ಒಂದೇ ಕಂಠದಲ್ಲಿ ಕೂಗಿದರು.

ಪೆನಿಯಾಟ ತೆಂಗಿನ ಸಾಲು ದಾಟಿ, ಜೋಮು ಹಿಡಿದ ಕಾಲನ್ನು ಎಳೆಯುತ್ತ, ಸಮುದ್ರದ ಕಡೆ ನಡೆದ.